ಮೊಸದ್ದೆಗ್ ಕುರ್ಚಿಗೆ ಬಂದ ಜನರಲ್: ಫಜ್ಲೊಲ್ಲಾ ಜಾಹೆದಿ ಯಾರು?

ಇರಾನ್ ಸುದ್ದಿಗೆ ಬಂದಾಗಲೆಲ್ಲ 1953ರ ಪ್ರಸ್ತಾಪ ತಪ್ಪದೆ ಬರುತ್ತದೆ. 2025ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಅಮೆರಿಕ ಇರಾನಿನ ಮೇಲೆ ಬಾಂಬ್ ಹಾಕಿದಾಗಲೂ ಹಾಗೆಯೇ ಆಯಿತು. ‘ಹೊರಗಿನವರು ಬಂದು ಅಲ್ಲಿನ ಆಡಳಿತವನ್ನು ಬದಲಾಯಿಸಬಹುದೇ’ ಎಂಬ ಪ್ರಶ್ನೆ ಎದ್ದ ಕೂಡಲೇ, ‘ಹಿಂದೊಮ್ಮೆ ಹಾಗೆ ಮಾಡಿದ್ದರಲ್ಲ’ ಎಂದು ಯಾರಾದರೂ ನೆನಪಿಸುತ್ತಿದ್ದರು. ಆ ಕಥೆಯಲ್ಲಿ ಮೂರು ಹೆಸರುಗಳು ಬಹಳ ಜನಕ್ಕೆ ಪರಿಚಿತ: ಪದಚ್ಯುತರಾದ ಪ್ರಧಾನಿ ಮೊಹಮ್ಮದ್ ಮೊಸದ್ದೆಗ್, ಓಡಿಹೋಗಿ ಮರಳಿ ಬಂದ ದೊರೆ ಮೊಹಮ್ಮದ್ ರೆಜಾ ಷಾ, ತೆರೆಮರೆಯಲ್ಲಿದ್ದ ಸಿಐಎ. ಮೊಸದ್ದೆಗ್ ಎದ್ದ ಕುರ್ಚಿಯಲ್ಲಿ ಕುಳಿತವರು ಯಾರು ಎಂದು ಕೇಳಿದರೆ ಮಾತ್ರ ಉತ್ತರ ಬರುವುದು ಕಡಿಮೆ.

ಅವರು ಜನರಲ್ ಫಜ್ಲೊಲ್ಲಾ ಜಾಹೆದಿ. 1942ರಲ್ಲಿ ಬ್ರಿಟಿಷರು ಇವರನ್ನು ಅಪಾಯಕಾರಿ ಶತ್ರುವೆಂದು ಬಗೆದು, ಪಿಸ್ತೂಲು ತೋರಿಸಿ ಎತ್ತಿಕೊಂಡು ಹೋಗಿದ್ದರು. ಹನ್ನೊಂದು ವರ್ಷಗಳ ಬಳಿಕ ಅದೇ ಬ್ರಿಟಿಷರು ಅಮೆರಿಕನ್ನರ ಜೊತೆ ಸೇರಿ ಇವರನ್ನೇ ಪ್ರಧಾನಿ ಮಾಡಲು ಸಂಚು ಹೂಡಿದರು. ಇವರೂ ತಮ್ಮನ್ನು ರಾಷ್ಟ್ರೀಯವಾದಿ ಎಂದೇ ಕರೆದುಕೊಂಡವರು. ಇವರು ಕೆಳಗಿಳಿಸಿದ ಮೊಸದ್ದೆಗ್ ಆ ಶತಮಾನದ ಇರಾನಿನ ಅತಿ ದೊಡ್ಡ ರಾಷ್ಟ್ರೀಯವಾದಿ. ಇದು ಹೇಗೆ ಸಾಧ್ಯವಾಯಿತು? ಹಣಕ್ಕೆ ಮಾರಿಹೋದರು ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಹಣ ಇತ್ತು, ನಿಜ. ಆದರೆ ಅವರ ಬದುಕನ್ನು ಮೊದಲಿನಿಂದ ನೋಡಿದರೆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ.

ರಷ್ಯನ್ನರು ಕಟ್ಟಿದ ಪಡೆಯಲ್ಲಿ ಪರ್ಷಿಯನ್ ಅಧಿಕಾರಿ

ಜಾಹೆದಿ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಪಶ್ಚಿಮ ಇರಾನಿನ ಹಮದಾನ್‌ನಲ್ಲಿ, ದೊಡ್ಡ ಜಮೀನ್ದಾರಿ ಕುಟುಂಬದಲ್ಲಿ ಹುಟ್ಟಿದರು. ಅವರು ಬೆಳೆಯುವ ಹೊತ್ತಿಗೆ ಇರಾನ್ ಹೆಸರಿಗಷ್ಟೇ ಸ್ವತಂತ್ರವಾಗಿತ್ತು. ಉತ್ತರದಲ್ಲಿ ರಷ್ಯದ ಪ್ರಭಾವ, ದಕ್ಷಿಣದಲ್ಲಿ ಬ್ರಿಟನ್ನಿನ ಪ್ರಭಾವ. 1907ರಲ್ಲಿ ಈ ಎರಡು ಸಾಮ್ರಾಜ್ಯಗಳು ಕುಳಿತು, ಇರಾನಿಯರನ್ನು ಒಂದು ಮಾತೂ ಕೇಳದೆ ದೇಶವನ್ನು ‘ಪ್ರಭಾವ ವಲಯ’ಗಳಾಗಿ ಹಂಚಿಕೊಂಡಿದ್ದವು. ಟೆಹ್ರಾನ್ ಸರ್ಕಾರಕ್ಕೆ ತನ್ನದೆನ್ನುವ ಗಟ್ಟಿಯಾದ ಸೈನ್ಯವಿರಲಿಲ್ಲ. ಇದ್ದುದರಲ್ಲಿ ಶಿಸ್ತಿನ ಪಡೆಯೆಂದರೆ 1879ರಲ್ಲಿ ಆಗಿನ ಷಾ ಕೋರಿಕೆಯ ಮೇರೆಗೆ ರಷ್ಯದ ಅಧಿಕಾರಿಗಳು ಕಟ್ಟಿದ ಕೊಸಾಕ್ ಬ್ರಿಗೇಡ್. ಸೈನಿಕರು ಇರಾನಿಯರು, ಮೇಲಧಿಕಾರಿಗಳು ರಷ್ಯನ್ನರು.

ಜಾಹೆದಿ ಸೇರಿದ್ದು ಈ ಪಡೆಯನ್ನು. ಅಲ್ಲಿ ಅವರಿಗಿಂತ ಹಿರಿಯ ಅಧಿಕಾರಿಯಾಗಿದ್ದವರು ರೆಜಾ ಖಾನ್. 1917ರ ಕ್ರಾಂತಿಯ ನಂತರ ರಷ್ಯದ ಅಧಿಕಾರಿಗಳ ಹಿಡಿತ ಸಡಿಲವಾಯಿತು. 1921ರ ಫೆಬ್ರುವರಿಯಲ್ಲಿ ರೆಜಾ ಖಾನ್ ಕೊಸಾಕ್ ಪಡೆಯೊಂದಿಗೆ ಟೆಹ್ರಾನ್‌ಗೆ ನುಗ್ಗಿ ಅಧಿಕಾರ ಹಿಡಿದರು. ಮೊದಲು ಸೇನಾ ಮುಖ್ಯಸ್ಥ, ಬಳಿಕ ಯುದ್ಧ ಸಚಿವ, ಪ್ರಧಾನಿ, 1925ರಲ್ಲಿ ಷಾ. ಈ ಏಣಿಯ ಮೆಟ್ಟಿಲುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮೂವತ್ತು ವರ್ಷಗಳ ನಂತರ ಜಾಹೆದಿಯವರ ರಾಜಕೀಯ ಬದುಕು ಮುಗಿದದ್ದಕ್ಕೂ ಇದಕ್ಕೂ ಸಂಬಂಧವಿದೆ.

ರೆಜಾ ಖಾನ್ ಕೈಗೆತ್ತಿಕೊಂಡ ಕೆಲಸ ಚೂರುಚೂರಾಗಿದ್ದ ದೇಶವನ್ನು ಬಂದೂಕಿನ ಬಲದಿಂದ ಒಂದುಗೂಡಿಸುವುದು. ಕ್ಯಾಸ್ಪಿಯನ್ ಕರಾವಳಿಯ ಗಿಲಾನ್‌ನಲ್ಲಿ ಸೋವಿಯತ್ ಬೆಂಬಲದ ಗಣರಾಜ್ಯವೊಂದು ತಲೆಯೆತ್ತಿತ್ತು. ವಾಯವ್ಯದಲ್ಲಿ ಕುರ್ದ್ ನಾಯಕ ಸಿಮ್ಕೊ ಬಂಡೆದ್ದಿದ್ದ. ಎರಡೂ ಕಾರ್ಯಾಚರಣೆಗಳಲ್ಲಿ ಜಾಹೆದಿ ಇದ್ದರು. ಮೂವತ್ತರ ಆಸುಪಾಸಿನಲ್ಲೇ ಬ್ರಿಗೇಡಿಯರ್ ಜನರಲ್ ಆದರು.

ಶೇಖ್ ಖಜಲ್ ಬಂಧನ

ಅವರ ಹೆಸರು ದೇಶಕ್ಕೆಲ್ಲ ತಿಳಿದದ್ದು ಖೂಜೆಸ್ತಾನದಲ್ಲಿ. ಇರಾನಿನ ನೈಋತ್ಯ ಮೂಲೆಯಲ್ಲಿರುವ ಈ ಪ್ರಾಂತ್ಯದಲ್ಲೇ 1908ರಲ್ಲಿ ಮಸ್ಜಿದ್ ಸುಲೈಮಾನ್ ಎಂಬಲ್ಲಿ ಎಣ್ಣೆ ಚಿಮ್ಮಿತ್ತು. ಅಲ್ಲಿ ನಿಜವಾದ ಅಧಿಕಾರ ಇದ್ದುದು ಮೊಹಮ್ಮರಾದ ಅರಬ್ ಶೇಖ್ ಖಜಲ್ ಕೈಯಲ್ಲಿ. ಬ್ರಿಟಿಷ್ ಎಣ್ಣೆ ಕಂಪನಿ ಅಬಾದಾನ್‌ನಲ್ಲಿ ಸಂಸ್ಕರಣಾಗಾರ ಕಟ್ಟಲು ಜಾಗ ಪಡೆದದ್ದು ಟೆಹ್ರಾನ್ ಸರ್ಕಾರದಿಂದಲ್ಲ, ಈ ಶೇಖ್‌ನಿಂದ. ಬದಲಿಗೆ ಬ್ರಿಟಿಷರು ಆತನಿಗೆ ರಕ್ಷಣೆಯ ಭರವಸೆ ಕೊಟ್ಟಿದ್ದರು.

ರೆಜಾ ಖಾನ್ ದಂಡೆತ್ತಿ ಹೋದಾಗ ಶೇಖ್ ಶರಣಾದ. ಬ್ರಿಟಿಷರು ತಮ್ಮ ಭರವಸೆಯನ್ನು ಮೆಲ್ಲಗೆ ಮರೆತರು. ಆದರೂ ಆತ ಊರಿನಲ್ಲೇ ಇದ್ದ. 1925ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ಜಾಹೆದಿಯವರ ಸೈನಿಕರು ಶತ್ತುಲ್ ಅರಬ್ ನದಿಯಲ್ಲಿದ್ದ ದೋಣಿಯಲ್ಲೇ ಆತನನ್ನು ಹಿಡಿದು ಟೆಹ್ರಾನ್‌ಗೆ ಸಾಗಿಸಿದರು. 1936ರಲ್ಲಿ ಸಾಯುವವರೆಗೂ ಶೇಖ್ ಅಲ್ಲಿ ಗೃಹಬಂಧನದಲ್ಲೇ ಉಳಿದ.

ಜಾಹೆದಿಯವರ ರಾಷ್ಟ್ರೀಯತೆ ಎಂಥದ್ದೆಂದು ಇಲ್ಲಿ ಕಾಣುತ್ತದೆ. ಅವರ ಪಾಲಿಗೆ ರಾಷ್ಟ್ರವೆಂದರೆ ಗಡಿ, ಸೈನ್ಯ, ಸಿಂಹಾಸನ, ರಾಜಧಾನಿಯ ಆಜ್ಞೆ ಮೂಲೆಮೂಲೆಗೂ ನಡೆಯುವುದು. ಶೇಖ್ ಖಜಲ್ ಅಂಥವರು ಅದಕ್ಕೆ ಅಡ್ಡಿ. ಅವರ ಬೆನ್ನಿಗೆ ನಿಂತ ವಿದೇಶಿಯರೂ ಅಡ್ಡಿ. ಸಂಸತ್ತು, ಪತ್ರಿಕೆ, ಮತಪೆಟ್ಟಿಗೆ ಈ ಚಿತ್ರದಲ್ಲಿ ಇರಲೇಬೇಕೆಂದೇನೂ ಇರಲಿಲ್ಲ.

ಎಸ್ಫಹಾನ್‌ಗೆ ಬಂದ ಅತಿಥಿ

1941ರ ಆಗಸ್ಟ್ 25ರಂದು ಬ್ರಿಟನ್ ದಕ್ಷಿಣ ಮತ್ತು ಪಶ್ಚಿಮದಿಂದ, ಸೋವಿಯತ್ ಒಕ್ಕೂಟ ಉತ್ತರದಿಂದ ಇರಾನಿನೊಳಗೆ ನುಗ್ಗಿದವು. ಬ್ರಿಟನ್ನಿನ ಪರವಾಗಿ ಅಬಾದಾನ್ ಹಿಡಿದ ಸೈನಿಕರಲ್ಲಿ ಬಹುಪಾಲು ನಮ್ಮವರೇ, ಎಂಟನೆಯ ಇಂಡಿಯನ್ ಡಿವಿಷನ್ನಿನವರು. ಜರ್ಮನಿಯ ವಿರುದ್ಧ ಹೋರಾಡುತ್ತಿದ್ದ ಸೋವಿಯತ್ ಸೈನ್ಯಕ್ಕೆ ಇರಾನಿನ ಮೂಲಕ ಸರಕು ಸಾಗಿಸುವ ದಾರಿ ಬೇಕಿತ್ತು. ಎಣ್ಣೆಯೂ ಜರ್ಮನರ ಕೈಗೆ ಸಿಗಬಾರದಿತ್ತು. ರೆಜಾ ಷಾ ಗದ್ದುಗೆ ಬಿಟ್ಟುಕೊಡಬೇಕಾಯಿತು. 21 ವರ್ಷದ ಮಗ ಮೊಹಮ್ಮದ್ ರೆಜಾ ಹೊಸ ಷಾ ಆದರು. ಇಪ್ಪತ್ತು ವರ್ಷ ಕಷ್ಟಪಟ್ಟು ಕಟ್ಟಿದ ಸೈನ್ಯ ಕೆಲವೇ ದಿನಗಳಲ್ಲಿ ಕುಸಿದದ್ದು ಜಾಹೆದಿಯಂಥ ಅಧಿಕಾರಿಗಳಿಗೆ ದೊಡ್ಡ ಅವಮಾನ.

ಆಗ ಅವರು ಎಸ್ಫಹಾನ್ ಸೇನಾ ನೆಲೆಯ ದಂಡನಾಯಕ. ರಷ್ಯ ಮತ್ತು ಬ್ರಿಟನ್ ಎರಡನ್ನೂ ಕಂಡು ಬೇಸತ್ತ ಅನೇಕ ಇರಾನಿ ಅಧಿಕಾರಿಗಳಂತೆ ಅವರಿಗೂ ಮೂರನೆಯ ಶಕ್ತಿಯಾದ ಜರ್ಮನಿಯ ಮೇಲೆ ಒಲವಿತ್ತು. ಎಸ್ಫಹಾನ್ ಸುತ್ತ ಜರ್ಮನ್ ಗೂಢಚಾರರು ಅಡಗಿದ್ದರು. ಜರ್ಮನ್ ಸೇನೆ ಕಾಕಸಸ್ ದಾಟಿ ಬಂದರೆ ಬುಡಕಟ್ಟುಗಳನ್ನು ಎತ್ತಿಕಟ್ಟಿ ದಂಗೆಯೇಳಲು ಜನರಲ್ ಸಿದ್ಧರಿದ್ದಾರೆ, ಧಾನ್ಯವನ್ನೂ ಬಚ್ಚಿಟ್ಟಿದ್ದಾರೆ ಎಂದು ಬ್ರಿಟಿಷರು ನಂಬಿದರು.

1942ರ ಡಿಸೆಂಬರ್‌ನಲ್ಲಿ ಫಿಟ್ಜ್‌ರಾಯ್ ಮೆಕ್ಲೀನ್ ಎಂಬ ಬ್ರಿಟಿಷ್ ಅಧಿಕಾರಿಗೆ ಕೆಲಸ ವಹಿಸಲಾಯಿತು: ಗದ್ದಲವಾಗದಂತೆ ಜನರಲ್‌ರನ್ನು ಎತ್ತಿಕೊಂಡು ಬರಬೇಕು. ಇರಾನಿ ಸೈನಿಕರಿಂದ ತುಂಬಿದ ಊರಿನ ನಡುವೆ ಅದು ಸುಲಭವಲ್ಲ. ಬ್ರಿಟಿಷ್ ಬ್ರಿಗೇಡಿಯರ್ ಒಬ್ಬರು ಸೌಜನ್ಯದ ಭೇಟಿಗೆ ಬರುತ್ತಾರೆಂದು ಹೇಳಿ ಕಳುಹಿಸಿದರು. ಬ್ರಿಗೇಡಿಯರ್ ನಿಜವಾದವರೇ, ಆದರೆ ಅವರು ಬರಿಯ ಗಾಳದ ಎರೆ; ಕಾರ್ಯಾಚರಣೆ ನಡೆಸಿದವರು ಆಗಿನ್ನೂ ಕ್ಯಾಪ್ಟನ್ ಆಗಿದ್ದ ಮೆಕ್ಲೀನ್. ಬಟ್ಟೆ ಮುಚ್ಚಿದ್ದ ಲಾರಿಗಳಲ್ಲಿ ಸ್ಕಾಟಿಷ್ ರೆಜಿಮೆಂಟಿನ ಸೈನಿಕರು ಹೊಂಚು ಹಾಕಿದ್ದರು. ಸಮವಸ್ತ್ರದಲ್ಲಿ ಕೋಣೆಗೆ ಬಂದ ಜನರಲ್‌ಗೆ ಎದುರಾದದ್ದು ಪಿಸ್ತೂಲು. ಒಂದು ಗುಂಡೂ ಹಾರಲಿಲ್ಲ. ಕಾರಿನಲ್ಲಿ ಕೂರಿಸಿ, ಊರ ಹೊರಗೆ ಕಾದಿದ್ದ ವಿಮಾನಕ್ಕೆ ಹತ್ತಿಸಿ, ದೇಶದಾಚೆ ಕಳುಹಿಸಿದರು. ಮಲಗುವ ಕೋಣೆಯನ್ನು ಜಾಲಾಡಿದಾಗ ಜರ್ಮನ್ ಸ್ವಯಂಚಾಲಿತ ಬಂದೂಕುಗಳು, ರೇಷ್ಮೆ ಒಳ ಉಡುಪುಗಳು, ಒಂದಿಷ್ಟು ಅಫೀಮು ಸಿಕ್ಕವು ಎಂದು ಮೆಕ್ಲೀನ್ ಮುಂದೆ ಬರೆದುಕೊಂಡರು. ಶತ್ರುವಿನ ಕೋಣೆಯ ಪಟ್ಟಿಯನ್ನು ಶತ್ರುವೇ ಬರೆದಾಗ ಅದರಲ್ಲಿ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಯುದ್ಧ ಮುಗಿಯುವವರೆಗೂ ಜಾಹೆದಿ ಬ್ರಿಟಿಷ್ ಆಳ್ವಿಕೆಯ ಪ್ಯಾಲೆಸ್ಟೈನ್‌ನಲ್ಲಿ ಸೆರೆಯಲ್ಲಿದ್ದರು.

ಎಣ್ಣೆಯ ಜಗಳ ಏನು?

ಮುಂದಿನದು ಅರ್ಥವಾಗಬೇಕಾದರೆ ಎಣ್ಣೆಯ ವ್ಯವಹಾರ ಗೊತ್ತಿರಬೇಕು. 1901ರಲ್ಲಿ ಆಗಿನ ಷಾ, ವಿಲಿಯಂ ಡಾರ್ಸಿ ಎಂಬ ಉದ್ಯಮಿಗೆ ದೇಶದ ಬಹುಭಾಗದಲ್ಲಿ ಎಣ್ಣೆ ಹುಡುಕಿ ತೆಗೆಯುವ ಹಕ್ಕನ್ನು ಅರವತ್ತು ವರ್ಷಕ್ಕೆ ಬರೆದುಕೊಟ್ಟರು. ಕೈಗೆ ಬಂದದ್ದು 20,000 ಪೌಂಡ್ ನಗದು, ಅಷ್ಟೇ ಬೆಲೆಯ ಷೇರು ಮತ್ತು ನಿವ್ವಳ ಲಾಭದಲ್ಲಿ ನೂರಕ್ಕೆ ಹದಿನಾರು ಪಾಲು. ಈ ಹಕ್ಕಿನ ಮೇಲೆ 1909ರಲ್ಲಿ ಆಂಗ್ಲೋ–ಪರ್ಷಿಯನ್ ಆಯಿಲ್ ಕಂಪನಿ ಹುಟ್ಟಿತು. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಅದರ ಹೆಚ್ಚಿನ ಷೇರು ಕೊಂಡಿತು.

ಮಲೆನಾಡಿನಲ್ಲಿ ಅಡಿಕೆ ತೋಟವನ್ನು ಚೇಣಿಗೆ ಕೊಡುವುದನ್ನು ನೆನೆಯಿರಿ. ಚೇಣಿದಾರನೇ ಕೊಯ್ದು, ಸುಲಿದು, ಮಾರಿ, ಲಾಭ ಎಷ್ಟೆಂದು ತಾನೇ ಲೆಕ್ಕ ಬರೆದು, ಪುಸ್ತಕವನ್ನು ಮಾತ್ರ ತೋಟದ ಒಡೆಯನಿಗೆ ತೋರಿಸದಿದ್ದರೆ ಹೇಗೋ, ಇರಾನಿನ ಸ್ಥಿತಿ ಹಾಗಿತ್ತು. ಕಂಪನಿ ಬ್ರಿಟಿಷ್ ಸರ್ಕಾರಕ್ಕೆ ಕಟ್ಟುತ್ತಿದ್ದ ತೆರಿಗೆ, ಇರಾನಿಗೆ ಕೊಡುತ್ತಿದ್ದ ರಾಯಧನಕ್ಕಿಂತ ಹೆಚ್ಚಾಗಿತ್ತು. ಅಬಾದಾನ್‌ನಲ್ಲಿ ಬ್ರಿಟಿಷ್ ಅಧಿಕಾರಿಗಳಿಗೆ ಹುಲ್ಲುಹಾಸಿನ ಬಂಗಲೆ, ಭಾರತದಿಂದ ಹೋದ ಗುಮಾಸ್ತರು ಮತ್ತು ಕುಶಲಕರ್ಮಿಗಳಿಗೆ ಅದಕ್ಕಿಂತ ಕೆಳಗಿನ ವಸತಿ, ಇರಾನಿ ಕೂಲಿಗಳಿಗೆ ಗುಡಿಸಲು. 1950ರ ಕೊನೆಗೆ ಪಕ್ಕದ ಸೌದಿ ಅರೇಬಿಯಕ್ಕೆ ಅಮೆರಿಕನ್ ಕಂಪನಿಗಳು ಲಾಭದಲ್ಲಿ ಅರ್ಧ ಪಾಲು ಕೊಡಲು ಒಪ್ಪಿದವು. ಇರಾನಿಗೆ ಮಾತ್ರ ಏಕಿಲ್ಲ ಎಂಬ ಸಿಟ್ಟು ಭುಗಿಲೆದ್ದಿತು.

ಆ ಸಿಟ್ಟಿಗೆ ಭಾಷೆ ಕೊಟ್ಟವರು ಮೊಸದ್ದೆಗ್. ಸ್ವಿಟ್ಜರ್ಲೆಂಡಿನಲ್ಲಿ ಕಾನೂನು ಓದಿದ್ದ, ಹಾಸಿಗೆಯಲ್ಲಿ ಮಲಗಿಕೊಂಡೇ ರಾಯಭಾರಿಗಳನ್ನು ಮಾತಾಡಿಸುತ್ತಿದ್ದ ಈ ವೃದ್ಧರ ನಾಯಕತ್ವದಲ್ಲಿ ‘ನ್ಯಾಷನಲ್ ಫ್ರಂಟ್’ ಎಂಬ ಕೂಟವಿತ್ತು. 1951ರ ಮಾರ್ಚ್‌ನಲ್ಲಿ ಇರಾನಿನ ಸಂಸತ್ತು ಮಜ್ಲಿಸ್ ಎಣ್ಣೆ ಉದ್ಯಮವನ್ನು ರಾಷ್ಟ್ರೀಕರಣ ಮಾಡಿತು. ಏಪ್ರಿಲ್ ಕೊನೆಗೆ ಮೊಸದ್ದೆಗ್ ಪ್ರಧಾನಿಯಾದರು.

ಒಂದೇ ಸಂಪುಟದಲ್ಲಿ ಇಬ್ಬರೂ

ಆ ಸಂಪುಟದ ಗೃಹ ಸಚಿವರು ಯಾರೆಂದು ಹೇಳಿದರೆ ಹಲವರಿಗೆ ಅಚ್ಚರಿಯಾಗುತ್ತದೆ: ಜಾಹೆದಿ.

ಸೆರೆಯಿಂದ ಬಂದ ಮೇಲೆ ಅವರು ಮತ್ತೆ ಮೇಲೇರಿದ್ದರು. 1949ರಲ್ಲಿ ಷಾ ಅವರನ್ನು ರಾಷ್ಟ್ರೀಯ ಪೊಲೀಸ್ ಮುಖ್ಯಸ್ಥರನ್ನಾಗಿ ಮಾಡಿದರು. ಸೇನೆಯ ಮುಖ್ಯಸ್ಥ ಜನರಲ್ ರಜ್ಮಾರಾ ವಿಪರೀತ ಬಲಿಷ್ಠನಾಗುತ್ತಿದ್ದುದರಿಂದ ಎದುರಿಗೆ ಇನ್ನೊಬ್ಬ ಜನರಲ್‌ರನ್ನು ನಿಲ್ಲಿಸುವುದು ಷಾ ಲೆಕ್ಕಾಚಾರ. ಆಗ ಟೆಹ್ರಾನ್‌ನಲ್ಲಿ ಚುನಾವಣಾ ಅಕ್ರಮದ ದೂರುಗಳು ಎದ್ದು ಮರುಚುನಾವಣೆ ನಡೆಯಿತು. ಸೇನೆಯವರು ಮತಪೆಟ್ಟಿಗೆಗೆ ಕೈ ಹಾಕದಂತೆ ಪೊಲೀಸ್ ಮುಖ್ಯಸ್ಥ ಜಾಹೆದಿ ನೋಡಿಕೊಂಡರು. ಮೊಸದ್ದೆಗ್ ಮತ್ತು ಸಂಗಡಿಗರು ಗೆದ್ದು ಮಜ್ಲಿಸ್ ಪ್ರವೇಶಿಸಿದರು. ಎಣ್ಣೆ ರಾಷ್ಟ್ರೀಕರಣಕ್ಕೆ ದಾರಿ ಮಾಡಿಕೊಟ್ಟ ಸಂಸತ್ತು ಅದೇ. ಬ್ರಿಟಿಷರ ಮೇಲೆ ಇಬ್ಬರಿಗೂ ಸಿಟ್ಟಿತ್ತು, ರಜ್ಮಾರಾ ಇಬ್ಬರಿಗೂ ಬೇಡವಾಗಿದ್ದ. ಆ ಹೊತ್ತಿಗೆ ಅಷ್ಟು ಸಾಕಾಗಿತ್ತು.

ಸ್ನೇಹ ಮೂರು ತಿಂಗಳೂ ಬಾಳಲಿಲ್ಲ. 1951ರ ಜುಲೈ 15ರಂದು ಅಮೆರಿಕದ ಸಂಧಾನಕಾರ ಏವರೆಲ್ ಹ್ಯಾರಿಮನ್ ಟೆಹ್ರಾನ್‌ಗೆ ಬಂದಿಳಿದ ದಿನವೇ ಎಡಪಂಥೀಯ ತೂದೆ ಪಕ್ಷದವರು ಬೃಹತ್ ಮೆರವಣಿಗೆ ತೆಗೆದರು. ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಮೊಸದ್ದೆಗ್ ಸಿಡಿಮಿಡಿಗೊಂಡರು, ಜಾಹೆದಿ ಸಂಪುಟದಿಂದ ಹೊರಬಿದ್ದರು. ಬೀದಿಗಿಳಿದ ಜನರನ್ನು ಒಬ್ಬರು ಬೆಂಬಲವೆಂದು ನೋಡಿದರೆ ಇನ್ನೊಬ್ಬರು ಅರಾಜಕತೆಯೆಂದು ನೋಡಿದರು. ಸೋವಿಯತ್ ಗಡಿಗೆ ಅಂಟಿಕೊಂಡ ದೇಶದಲ್ಲಿ ತೂದೆ ಪಕ್ಷ ಬೆಳೆಯುವುದೆಂದರೆ, ಗಿಲಾನ್‌ನಲ್ಲಿ ಕಾದಾಡಿದ ಜನರಲ್ ಕಣ್ಣಿಗೆ, ಹಳೆಯ ಶತ್ರು ಮರಳಿ ಬಂದಂತೆಯೇ.

ಅಸಮಾಧಾನ ಒಟ್ಟುಗೂಡಿದ ಬಗೆ

1952ರ ಜುಲೈನಲ್ಲಿ ಯುದ್ಧ ಖಾತೆ ತನಗೇ ಬೇಕೆಂದು ಮೊಸದ್ದೆಗ್ ಪಟ್ಟು ಹಿಡಿದರು, ಷಾ ಒಪ್ಪಲಿಲ್ಲ, ಮೊಸದ್ದೆಗ್ ರಾಜೀನಾಮೆ ಕೊಟ್ಟರು. ಜನ ಬೀದಿಗಿಳಿದು ರಕ್ತ ಹರಿದ ಮೇಲೆ ಷಾ ಅವರನ್ನೇ ಮರಳಿ ಕರೆಯಬೇಕಾಯಿತು. ಖಾತೆ ಕೈಗೆ ಬಂದ ಕೂಡಲೇ ಮೊಸದ್ದೆಗ್ ನೂರಕ್ಕೂ ಹೆಚ್ಚು ಅಧಿಕಾರಿಗಳನ್ನು ನಿವೃತ್ತಿಗೊಳಿಸಿದರು. ಕೆಲಸ ಕಳೆದುಕೊಂಡ, ಆದರೆ ಪಡೆಗಳಲ್ಲಿ ಇನ್ನೂ ಶಿಷ್ಯರಿದ್ದ ಈ ಅಧಿಕಾರಿಗಳು ನಿವೃತ್ತ ಅಧಿಕಾರಿಗಳ ಸಂಘದಲ್ಲಿ ಕೂಡಿಕೊಂಡರು. ಅದರ ಮುಂದಾಳು ಜಾಹೆದಿ.

ಇತ್ತ ಬ್ರಿಟನ್ ಇರಾನಿನ ಎಣ್ಣೆಯನ್ನು ಯಾರೂ ಕೊಳ್ಳದಂತೆ ಕಟ್ಟಿಹಾಕಿತ್ತು. 1952ರಲ್ಲಿ ರೋಸ್ ಮೇರಿ ಎಂಬ ಹಡಗು ಇರಾನಿನ ಎಣ್ಣೆ ತುಂಬಿಕೊಂಡು ಹೊರಟಾಗ ಅದನ್ನು ಏಡನ್‌ನಲ್ಲಿ ತಡೆಹಿಡಿದರು. ಬೊಕ್ಕಸ ಬರಿದಾಯಿತು. ಮೊದಲು ಮೊಸದ್ದೆಗ್ ಜೊತೆಗಿದ್ದ ಧರ್ಮಗುರು ಆಯತೊಲ್ಲಾ ಕಾಶಾನಿ ದೂರ ಸರಿದರು. ಅಕ್ಟೋಬರ್‌ನಲ್ಲಿ ಮೊಸದ್ದೆಗ್ ಬ್ರಿಟನ್ ಜೊತೆಗಿನ ರಾಜತಾಂತ್ರಿಕ ಸಂಬಂಧವನ್ನೇ ಕಡಿದರು. ರಾಯಭಾರ ಕಚೇರಿ ಮುಚ್ಚಿದ್ದರಿಂದ ಬ್ರಿಟಿಷ್ ಗೂಢಚಾರರಿಗೆ ಟೆಹ್ರಾನ್‌ನಲ್ಲಿ ನೆಲೆಯಿಲ್ಲದಾಯಿತು. ಅವರು ವಾಷಿಂಗ್ಟನ್‌ನ ಬಾಗಿಲು ತಟ್ಟಿದರು. ಟ್ರೂಮನ್ ಸರ್ಕಾರ ಹಿಂಜರಿದಿತ್ತು. 1953ರ ಜನವರಿಯಲ್ಲಿ ಐಸೆನ್‌ಹೋವರ್ ಅಧಿಕಾರಕ್ಕೆ ಬಂದ ಮೇಲೆ ಗಾಳಿ ಬದಲಾಯಿತು. ಅಲ್ಲಿ ಎಣ್ಣೆಗಿಂತ ಕಮ್ಯುನಿಸಂನ ಭಯವನ್ನು ಮುಂದಿಟ್ಟಾಗ ಮಾತು ನಾಟಿತು.

ಯೋಜನೆಗೆ ಬೇಕಿದ್ದದ್ದು ಷಾ ಒಪ್ಪುವ, ಸೈನ್ಯದಲ್ಲಿ ಬಳಗವಿರುವ, ‘ಬ್ರಿಟಿಷರ ಕೈಗೊಂಬೆ’ ಎಂದು ಜನ ಒಮ್ಮೆಲೇ ಹೇಳಲಾಗದ ಒಬ್ಬ ಇರಾನಿ. ಬ್ರಿಟಿಷರ ಸೆರೆಯಲ್ಲಿ ವರ್ಷಗಟ್ಟಲೆ ಇದ್ದ ಜನರಲ್‌ಗಿಂತ ಬೇರೆ ಯಾರು ಸಿಗುತ್ತಿದ್ದರು? ಎಸ್ಫಹಾನ್‌ನಲ್ಲಿ ಆದ ಬಂಧನ ಈಗ ಅರ್ಹತೆಯಾಗಿ ಒದಗಿತು.

ಏಪ್ರಿಲ್‌ನಲ್ಲಿ ಮೊಸದ್ದೆಗ್ ಅವರ ಪೊಲೀಸ್ ಮುಖ್ಯಸ್ಥ ಅಫ್ಷಾರ್ತೂಸ್ ಅಪಹರಣವಾಗಿ ಕೊಲೆಯಾದರು. ಸಂಚಿನಲ್ಲಿ ಜಾಹೆದಿ ಬಳಗದ ಹೆಸರು ಬಂತು. ಬಂಧನದ ಭಯದಿಂದ ಅವರು ಮೇ ತಿಂಗಳಲ್ಲಿ ಮಜ್ಲಿಸ್ ಕಟ್ಟಡದೊಳಗೆ ಹೊಕ್ಕು ‘ಬಸ್ತ್’ ಹಿಡಿದರು. ಇರಾನಿನಲ್ಲಿ ಇದು ಹಳೆಯ ಪದ್ಧತಿ: ದರ್ಗಾದಲ್ಲೋ, ತಂತಿ ಕಚೇರಿಯಲ್ಲೋ, ರಾಯಭಾರ ಕಚೇರಿಯಲ್ಲೋ ಆಶ್ರಯ ಪಡೆದವರನ್ನು ಅಲ್ಲಿಂದ ಎಳೆದು ತರುವಂತಿಲ್ಲ. 1906ರಲ್ಲಿ ಸಂವಿಧಾನ ಬೇಕೆಂದು ಸಾವಿರಾರು ಜನ ಬ್ರಿಟಿಷ್ ರಾಯಭಾರ ಕಚೇರಿಯ ಅಂಗಳದಲ್ಲಿ ಬಸ್ತ್ ಕೂತಿದ್ದರು. ಮಜ್ಲಿಸ್ ಸಭಾಧ್ಯಕ್ಷರಾಗಿದ್ದ ಕಾಶಾನಿ ಜನರಲ್‌ಗೆ ಆಶ್ರಯ ಕೊಟ್ಟರು. ಜುಲೈನಲ್ಲಿ ಕಾಶಾನಿ ಆ ಸ್ಥಾನ ಕಳೆದುಕೊಂಡರು. ಜಾಹೆದಿ ಹೊರಬಂದು ತಲೆಮರೆಸಿಕೊಂಡರು.

ಆಗಸ್ಟ್ 15ರಿಂದ 19

ಸಂಚಿನ ಮೂಲ ಉಪಾಯ ಸರಳ. ಷಾ ಎರಡು ಫರ್ಮಾನುಗಳಿಗೆ, ಎಂದರೆ ರಾಜಾಜ್ಞೆಗಳಿಗೆ, ಸಹಿ ಹಾಕುವುದು: ಒಂದು ಮೊಸದ್ದೆಗ್ ವಜಾ, ಇನ್ನೊಂದು ಜಾಹೆದಿ ನೇಮಕ. ಸಹಿಗೆ ಷಾ ವಾರಗಟ್ಟಲೆ ಮೀನಮೇಷ ಎಣಿಸಿದರು. ಕೊನೆಗೂ ಸಹಿ ಬಿತ್ತು. ಆಗಸ್ಟ್ 15ರ ತಡರಾತ್ರಿ ರಾಜರಕ್ಷಣಾ ಪಡೆಯ ಕರ್ನಲ್ ನಸ್ಸಿರಿ ಫರ್ಮಾನು ಹಿಡಿದು ಮೊಸದ್ದೆಗ್ ಮನೆಗೆ ಹೋದರು. ಮೊಸದ್ದೆಗ್‌ಗೆ ಸುಳಿವು ಮೊದಲೇ ಸಿಕ್ಕಿತ್ತು, ನಸ್ಸಿರಿಯನ್ನೇ ಬಂಧಿಸಿದರು. ಸುದ್ದಿ ಕೇಳಿದ ಷಾ ಬಾಗ್ದಾದ್‌ಗೆ, ಅಲ್ಲಿಂದ ರೋಮ್‌ಗೆ ಹಾರಿದರು. ಟೆಹ್ರಾನ್‌ನಲ್ಲಿ ಷಾ ಮತ್ತವರ ತಂದೆಯ ಪ್ರತಿಮೆಗಳು ಉರುಳಿದವು. ಸಿಐಎ ಕೇಂದ್ರ ಕಚೇರಿಯೂ ಕೈಚೆಲ್ಲಿತು.

ಜಾಹೆದಿ ಅಡಗುತಾಣದಲ್ಲಿದ್ದರು. ಅವರ ಮಗ ಅರ್ದೆಶೀರ್ ಮತ್ತು ಅಮೆರಿಕನ್ ಗೂಢಚಾರ ಕರ್ಮಿಟ್ ರೂಸ್‌ವೆಲ್ಟ್ ತಂಡದವರು ಫರ್ಮಾನಿನ ಛಾಯಾಪ್ರತಿಗಳನ್ನು ಪತ್ರಕರ್ತರಿಗೆ, ಸೇನಾಧಿಕಾರಿಗಳಿಗೆ ಹಂಚತೊಡಗಿದರು. ಅಲ್ಲಿಯವರೆಗೆ ಜನರಿಗೆ ಗೊತ್ತಿದ್ದುದು ‘ಷಾ ಮೊಸದ್ದೆಗ್ ವಿರುದ್ಧ ದಂಗೆ ಎಬ್ಬಿಸಿ ಓಡಿಹೋದರು’ ಎಂಬುದಷ್ಟೇ. ಪ್ರತಿಗಳು ಹರಡಿದಂತೆ ‘ಷಾ ಕಾನೂನುಬದ್ಧವಾಗಿ ವಜಾ ಮಾಡಿದ್ದಾರೆ, ಮೊಸದ್ದೆಗ್ ಮುಚ್ಚಿಟ್ಟಿದ್ದಾರೆ’ ಎಂಬ ಎದುರು ಕಥೆ ಹುಟ್ಟಿತು. ಸೈನಿಕರ ಮನಸ್ಸಿನಲ್ಲಿ ಅದು ಕೆಲಸ ಮಾಡಿತು.

ಆಗಸ್ಟ್ 19, ಇರಾನಿ ಪಂಚಾಂಗದಲ್ಲಿ ಮೊರ್ದಾದ್ 28. ಬೆಳಿಗ್ಗೆ ದಕ್ಷಿಣ ಟೆಹ್ರಾನ್‌ನ ಮಾರುಕಟ್ಟೆ ಕೇರಿಗಳಿಂದ ಷಾ ಪರ ಘೋಷಣೆ ಕೂಗುತ್ತ ಗುಂಪುಗಳು ಹೊರಟವು. ಗರಡಿಮನೆಯ ಪೈಲ್ವಾನರು, ತರಕಾರಿ ಮಂಡಿಯ ಪುಂಡರು, ಅವರ ಹಿಂದೆ ಸಾಮಾನ್ಯ ಜನರೂ ಇದ್ದರು. ಕೆಲವರಿಗೆ ದುಡ್ಡು ಸಂದಿತ್ತು. ಕೆಲವರು ತಾವಾಗಿ ಬಂದವರು. ತೂದೆ ಬೀದಿಗಿಳಿಯಲಿಲ್ಲ; ತನ್ನ ಬೆಂಬಲಿಗರು ಮನೆಯಲ್ಲೇ ಇರಲೆಂದು ಮೊಸದ್ದೆಗ್ ಹಿಂದಿನ ದಿನವೇ ಬಯಸಿದ್ದರು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕುಗಳು ಗುಂಪಿನ ಕಡೆ ವಾಲಿದವು, ರೇಡಿಯೊ ಕೇಂದ್ರ ಕೈವಶವಾಯಿತು. ಅಡಗುತಾಣದಿಂದ ಹೊರಬಂದ ಜಾಹೆದಿ ಸಂಜೆ ರೇಡಿಯೊದಲ್ಲಿ ತಾನೇ ಕಾನೂನುಬದ್ಧ ಪ್ರಧಾನಿ ಎಂದು ಸಾರಿದರು. ಕಾಖ್ ಬೀದಿಯ ಮೊಸದ್ದೆಗ್ ಮನೆಯ ಮೇಲೆ ಟ್ಯಾಂಕುಗಳು ಗುಂಡಿನ ಮಳೆಗರೆದವು. ಗೋಡೆ ಹಾರಿ ತಪ್ಪಿಸಿಕೊಂಡ ಮೊಸದ್ದೆಗ್ ಮರುದಿನ ಶರಣಾದರು. ಸತ್ತವರು ಇನ್ನೂರರಿಂದ ಮುನ್ನೂರು ಎಂಬ ಅಂದಾಜು ಸಾಮಾನ್ಯವಾಗಿ ಕೇಳಿಬರುತ್ತದೆ.

ಕಾನೂನಿನ ಕಣ್ಣಿನಲ್ಲಿ

ಷಾಗೆ ಪ್ರಧಾನಿಯನ್ನು ವಜಾ ಮಾಡುವ ಹಕ್ಕಿತ್ತೇ? ಮಜ್ಲಿಸ್ ಇದ್ದಾಗ ಅದರ ಒಪ್ಪಿಗೆ ಬೇಕು ಎಂಬುದು ಮೊಸದ್ದೆಗ್ ಪಕ್ಷದ ವಾದ. ಜಾಹೆದಿ ಪಕ್ಷದವರು ಮಜ್ಲಿಸ್ ಎಲ್ಲಿದೆ ಎಂದು ಕೇಳಿದರು. ವಿರೋಧಿಗಳ ಕಾಟ ತಾಳದೆ ಮೊಸದ್ದೆಗ್ ಆಗಸ್ಟ್ ಮೊದಲ ವಾರಗಳಲ್ಲಿ ಜನಮತ ಸಂಗ್ರಹ ನಡೆಸಿ ಮಜ್ಲಿಸ್ ವಿಸರ್ಜನೆಗೆ ಹೊರಟಿದ್ದರು. ಆ ಮತದಾನದಲ್ಲಿ ‘ಹೌದು’ ಎನ್ನುವವರಿಗೆ ಒಂದು ಜಾಗ, ‘ಇಲ್ಲ’ ಎನ್ನುವವರಿಗೆ ಬೇರೊಂದು ಜಾಗ. ಯಾರು ಯಾವ ಕಡೆ ಹೋದರೆಂದು ಬೀದಿಗೆಲ್ಲ ಕಾಣುತ್ತಿತ್ತು. ಬಂದ ಮತಗಳಲ್ಲಿ ಬಹುತೇಕ ಎಲ್ಲವೂ ‘ಹೌದು’. ಜೀವಮಾನವಿಡೀ ಸಂವಿಧಾನದ ಮಾತಾಡಿದ ವ್ಯಕ್ತಿ ಹೀಗೆ ಮಾಡಿದ್ದು ಎದುರಾಳಿಗಳ ಕೈಗೆ ಅಸ್ತ್ರ ಕೊಟ್ಟಿತು. ಹಾಗೆಂದು, ವಿದೇಶಿ ಗೂಢಚಾರ ಸಂಸ್ಥೆಯ ಹಣದಿಂದ, ನಡುರಾತ್ರಿ ಶಸ್ತ್ರಸಜ್ಜಿತ ಪಡೆಯೊಂದಿಗೆ ತಲುಪಿದ ಆಜ್ಞೆಯನ್ನು ಸಾಮಾನ್ಯ ಆಡಳಿತ ಕ್ರಮವೆಂದು ಕರೆಯುವುದೂ ಕಷ್ಟ.

ಕುರ್ಚಿಯಲ್ಲಿ ಇಪ್ಪತ್ತು ತಿಂಗಳು

ಜಾಹೆದಿ ಅಧಿಕಾರಕ್ಕೆ ಬಂದಾಗ ಸಂಬಳ ಕೊಡಲು ದುಡ್ಡಿರಲಿಲ್ಲ. ಸಿಐಎ ಗುಟ್ಟಾಗಿ 50 ಲಕ್ಷ ಡಾಲರ್ ಒದಗಿಸಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕ ಸರ್ಕಾರ 4.5 ಕೋಟಿ ಡಾಲರ್ ನೆರವು ಘೋಷಿಸಿತು. ಡಿಸೆಂಬರ್‌ನಲ್ಲಿ ಬ್ರಿಟನ್ ಜೊತೆ ಸಂಬಂಧ ಮರುಸ್ಥಾಪನೆಯಾಯಿತು. ಡಿಸೆಂಬರ್ 7ರಂದು ಟೆಹ್ರಾನ್ ವಿಶ್ವವಿದ್ಯಾಲಯದಲ್ಲಿ ಪ್ರತಿಭಟನೆಯ ವೇಳೆ ಸೈನಿಕರ ಗುಂಡಿಗೆ ಮೂವರು ವಿದ್ಯಾರ್ಥಿಗಳು ಬಲಿಯಾದರು. ಆ ದಿನವನ್ನು ಇರಾನಿನಲ್ಲಿ ಇಂದಿಗೂ ವಿದ್ಯಾರ್ಥಿ ದಿನವಾಗಿ ಆಚರಿಸುತ್ತಾರೆ. ಮೊಸದ್ದೆಗ್‌ಗೆ ಸೇನಾ ನ್ಯಾಯಾಲಯ ಮೂರು ವರ್ಷ ಸೆರೆ ವಿಧಿಸಿತು. ಬಳಿಕ 1967ರಲ್ಲಿ ಸಾಯುವವರೆಗೂ ಅಹ್ಮದಾಬಾದ್ ಎಂಬ ತಮ್ಮ ಹಳ್ಳಿಯಲ್ಲಿ ಕಾವಲಿನಲ್ಲಿದ್ದರು. ಅವರ ವಿದೇಶಾಂಗ ಸಚಿವ ಹುಸೇನ್ ಫಾತೆಮಿಯನ್ನು 1954ರ ನವೆಂಬರ್‌ನಲ್ಲಿ ಗುಂಡಿಟ್ಟು ಕೊಂದರು. ಸೈನ್ಯದೊಳಗೆ ತೂದೆ ಪಕ್ಷದ ಗುಪ್ತ ಜಾಲ ಪತ್ತೆಯಾಗಿ ನೂರಾರು ಅಧಿಕಾರಿಗಳು ಜೈಲು ಸೇರಿದರು, ಹಲವರಿಗೆ ಮರಣದಂಡನೆಯಾಯಿತು.

ಎಣ್ಣೆ ಏನಾಯಿತು? 1954ರ ಒಪ್ಪಂದದಂತೆ ಒಡೆತನ ಕಾಗದದ ಮೇಲೆ ಇರಾನಿನದೇ ಉಳಿಯಿತು. ತೆಗೆಯುವ, ಮಾರುವ ಕೆಲಸ ಮಾತ್ರ ವಿದೇಶಿ ಕಂಪನಿಗಳ ಕೂಟಕ್ಕೆ ಹೋಯಿತು: ಆಗ ಬ್ರಿಟಿಷ್ ಪೆಟ್ರೋಲಿಯಂ ಎಂದು ಹೆಸರು ಬದಲಿಸಿಕೊಂಡ ಹಳೆಯ ಕಂಪನಿಗೆ ಶೇ 40, ಅಮೆರಿಕನ್ ಕಂಪನಿಗಳಿಗೆ ಒಟ್ಟು ಶೇ 40, ಶೆಲ್‌ಗೆ ಶೇ 14, ಫ್ರೆಂಚ್ ಕಂಪನಿಗೆ ಶೇ 6. ಲಾಭದಲ್ಲಿ ಇರಾನಿಗೆ ಅರ್ಧ. ಮೊದಲಿನದಕ್ಕಿಂತ ಇದು ಎಷ್ಟೋ ಮೇಲು; ಮೊಸದ್ದೆಗ್ ಕೇಳಿದ್ದಕ್ಕಿಂತ ಎಷ್ಟೋ ಕಡಿಮೆ. ಲೆಕ್ಕದ ಪುಸ್ತಕ ತೋರಿಸಲು ಈ ಕೂಟವೂ ಒಪ್ಪಲಿಲ್ಲ.

ಇಷ್ಟೆಲ್ಲ ಮಾಡಿಕೊಟ್ಟ ಜನರಲ್‌ರನ್ನು ಷಾ 1955ರ ಏಪ್ರಿಲ್‌ನಲ್ಲಿ ಕೆಳಗಿಳಿಸಿದರು. ಬಂಡಾಯ ಹತ್ತಿಕ್ಕಿದ ಕೊಸಾಕ್ ಅಧಿಕಾರಿ ಮೊದಲು ಸಚಿವನಾಗಿ, ಆಮೇಲೆ ಪ್ರಧಾನಿಯಾಗಿ, ಕೊನೆಗೆ ಸಿಂಹಾಸನ ಏರಿದ್ದನ್ನು ಆ ಮನೆಯ ಮಗನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೇರೆ ಯಾರ ಬಲದಿಂದಲೋ ಗದ್ದುಗೆ ಉಳಿಸಿಕೊಂಡೆ ಎಂಬ ಭಾವನೆಯೂ ದೊರೆಗೆ ಹಿತವಾಗಿರಲಿಲ್ಲ. ಆಮೇಲೆ ಬಂದ ಪ್ರಧಾನಿಗಳಲ್ಲಿ ಸ್ವಂತ ಸೇನಾ ಬಳಗವಿದ್ದ ಜನರಲ್‌ಗೆ ಜಾಗ ಸಿಗಲಿಲ್ಲ. ಜಾಹೆದಿ ಸ್ವಿಟ್ಜರ್ಲೆಂಡಿಗೆ ಹೋದರು, ಜಿನೀವಾದ ವಿಶ್ವಸಂಸ್ಥೆ ಕಚೇರಿಯಲ್ಲಿ ಇರಾನಿನ ಪ್ರತಿನಿಧಿ ಎಂಬ ಹುದ್ದೆ ಪಡೆದರು, 1963ರ ಸೆಪ್ಟೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ಷಾ ವಿರೋಧಿ ಧರ್ಮಗುರು ಖೊಮೇನಿ ಬಂಧನದ ವಿರುದ್ಧ ಟೆಹ್ರಾನ್ ಹೊತ್ತಿ ಉರಿದಿತ್ತು. ಆ ಗಲಭೆಗಾಗಿ ನವೆಂಬರ್‌ನಲ್ಲಿ ಗುಂಡಿಗೆ ಬಲಿಯಾದವರಲ್ಲಿ ಒಬ್ಬ ತಯ್ಯೆಬ್ ಹಾಜ್ ರೆಜಾಯಿ. 1953ರಲ್ಲಿ ತರಕಾರಿ ಮಂಡಿಯಿಂದ ಷಾ ಪರ ಗುಂಪು ಕಟ್ಟಿ ತಂದವರಲ್ಲಿ ಆತನೂ ಇದ್ದ.

ಮಗ ಹೇಳಿದ ಕಥೆ

ಷಾ ಕಾಲದಲ್ಲಿ ಮೊರ್ದಾದ್ 28 ‘ರಾಷ್ಟ್ರೀಯ ಬಂಡಾಯ’ದ ದಿನವೆಂದು ಸರ್ಕಾರಿ ರಜೆ. 1979ರ ಕ್ರಾಂತಿಯ ಬಳಿಕ ಅದೇ ದಿನ ಅಮೆರಿಕದ ದ್ರೋಹಕ್ಕೆ ಸಾಕ್ಷಿ. ಅಮೆರಿಕದ ವಿದೇಶಾಂಗ ಸಚಿವೆ ಮೆಡಲೀನ್ ಆಲ್‌ಬ್ರೈಟ್ 2000ದಲ್ಲಿ ತಮ್ಮ ದೇಶದ ಪಾತ್ರವನ್ನು ಒಪ್ಪಿಕೊಂಡರು. 2013ರಲ್ಲಿ ಬಿಡುಗಡೆಯಾದ ಸಿಐಎ ದಾಖಲೆಯೂ ಒಪ್ಪಿತು. ಆದರೂ ಆಗಸ್ಟ್ 16ರ ಸೋಲಿನ ನಂತರ 19ರ ಗೆಲುವಿನಲ್ಲಿ ಹೊರಗಿನವರ ಪಾಲೆಷ್ಟು, ಇರಾನಿನ ಅಧಿಕಾರಿಗಳು, ಧರ್ಮಗುರುಗಳು, ಮಾರುಕಟ್ಟೆಯವರ ಪಾಲೆಷ್ಟು ಎಂಬ ಬಗ್ಗೆ ಇತಿಹಾಸಕಾರರ ನಡುವೆ ಜಗಳ ನಿಂತಿಲ್ಲ.

ಅರ್ದೆಶೀರ್ ಜಾಹೆದಿ ಷಾ ಮಗಳನ್ನು ಮದುವೆಯಾಗಿ, ವಿದೇಶಾಂಗ ಸಚಿವರಾಗಿ, ವಾಷಿಂಗ್ಟನ್‌ನಲ್ಲಿ ಕೊನೆಯ ರಾಜವಂಶದ ರಾಯಭಾರಿಯಾಗಿ ಮೆರೆದರು. 2021ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೂನಲ್ಲಿ ಸಾಯುವವರೆಗೂ ತಂದೆಯದು ದಂಗೆಯಲ್ಲ, ಜನರೇ ಎದ್ದದ್ದು ಎಂದು ಸಾಧಿಸಿದರು. 2020ರ ಜನವರಿಯಲ್ಲಿ ಅಮೆರಿಕದ ಡ್ರೋನ್ ದಾಳಿಯಲ್ಲಿ ಕಾಸಿಂ ಸುಲೈಮಾನಿ ಸತ್ತಾಗ ದೇಶಾಂತರಿ ರಾಜಪಕ್ಷದವರಲ್ಲಿ ಅನೇಕರು ಸಂಭ್ರಮಿಸಿದರು. ಅರ್ದೆಶೀರ್ ಮಾತ್ರ, ತನ್ನನ್ನು ದೇಶದಿಂದ ಹೊರಗಟ್ಟಿದ ಆಡಳಿತದ ಆ ಸೇನಾನಿಯನ್ನು ದೇಶಭಕ್ತ ಸೈನಿಕ, ಇರಾನಿನ ಮಗ ಎಂದು ಹೊಗಳಿದರು. ಅವರ ಕಡೆಯವರಿಗೇ ಅದು ಸಿಟ್ಟು ತರಿಸಿತು. ಗಡಿ ಕಾಯುವ ಸೈನಿಕನನ್ನು ಮೊದಲು ನೋಡಿ, ಆತ ಯಾವ ಆಡಳಿತದ ಸೇವೆಯಲ್ಲಿದ್ದಾನೆಂಬುದನ್ನು ಆಮೇಲೆ ಕೇಳುವ ಮನೆಯಲ್ಲಿ ಅವರು ಬೆಳೆದಿದ್ದರು.